ಅಪ್ಪನ ಬಂದೂಕಿನ ಅಂದಾಜುಪಟ್ಟಿ

ನಮ್ಮಪ್ಪ ಇಪ್ಪತ್ತೊಂಬತ್ತು ವರ್ಷ ಅರಮನೆಯ ಆಯುಧಶಾಲೆಯಲ್ಲಿ ಗುಮಾಸ್ತರಾಗಿದ್ದರು. ಯಾವ ಬಂದೂಕಿನ ನಂಬರು ಎಷ್ಟು, ಅದರ ನಳಿಗೆ ಎಷ್ಟು ಉದ್ದ, ಯಾವ ತಿಂಗಳು ಅದಕ್ಕೆ ಎಣ್ಣೆ ಹಾಕಿದ್ದು, ಯಾವ ಅತಿಥಿ ಅದನ್ನು ಕಾಡಿಗೆ ಒಯ್ದು ಯಾವ ಅವಸ್ಥೆಯಲ್ಲಿ ಹಿಂದಕ್ಕೆ ತಂದರು, ಎಲ್ಲವನ್ನೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿಡುವುದು ಅವರ ಕೆಲಸ. ಆ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವರು ಹಾರಿಸಿದ ಗುಂಡುಗಳ ಸಂಖ್ಯೆ ಸೊನ್ನೆ. ಗುಮಾಸ್ತರು ಗುಂಡು ಹಾರಿಸುವ ಪದ್ಧತಿ ಅಲ್ಲಿರಲಿಲ್ಲ. ಅಪ್ಪ ಪದ್ಧತಿ ಮೀರುವವರಲ್ಲ.

ರಾಜ್ಯ ಹೋಗಿ ಸರ್ಕಾರ ಬಂತು. ಅರಮನೆಯ ಇಲಾಖೆಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಅಪ್ಪ ಒಂದು ಜರಿಪೇಟ, ತಿಂಗಳಿಗೆ ಐವತ್ತೆಂಟು ರೂಪಾಯಿ ಪಿಂಚಣಿ ಮತ್ತು ಸ್ವಂತ ದುಡ್ಡಿನಲ್ಲಿ ಕೊಂಡ ಮೂರು ದಸ್ತು ಬಿಳಿ ಕಾಗದದೊಂದಿಗೆ ಜಯಲಕ್ಷ್ಮಿಪುರಂನ ನಮ್ಮ ಬಾಡಿಗೆ ಮನೆಯಲ್ಲಿ ಬಂದು ಕೂತರು. ಒಂದು ವಾರ ಸುಮ್ಮನಿದ್ದರು. ಎಂಟನೆಯ ದಿನ ಊಟಕ್ಕೆ ಕೂತಾಗ, ಸಾರಿಗೆ ಉಪ್ಪು ಕಮ್ಮಿಯಾಗಿದೆ ಎನ್ನುವಷ್ಟೇ ಸಲೀಸಾಗಿ ಹೇಳಿದರು.

"ನನಗೊಂದು ರೈಫಲ್ ಆಗ್ಬೇಕು ಕಣೋ."

ಅಮ್ಮ ಅನ್ನದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನಿಂತಳು. ನಮ್ಮ ಮನೆಯಲ್ಲಿ ಜಿರಳೆ ಹೊಡೆಯುವುದಕ್ಕೂ ಅವಳ ಅಪ್ಪಣೆ ಬೇಕಿತ್ತು, ಅವಳು ಕೊಡುತ್ತಿರಲಿಲ್ಲ. ಆದರೆ ಅಪ್ಪನಿಗೆ ಯಾವ ಪ್ರಾಣಿಯ ಮೇಲೂ ದ್ವೇಷವಿರಲಿಲ್ಲ. ಆರುನೂರು ಗಜ ದೂರದಲ್ಲಿ ಒಂದು ಕಬ್ಬಿಣದ ತಟ್ಟೆ ನೇತುಹಾಕಬೇಕು, ಇಲ್ಲಿಂದ ಒಂದೇ ಒಂದು ಗುಂಡು ಹಾರಿಸಬೇಕು, ಅದು ತಟ್ಟೆಗೆ ಬಡಿದ ಸದ್ದು ಇಲ್ಲಿಗೆ ಕೇಳಬೇಕು. ಅಷ್ಟೇ ಅವರ ಆಸೆ. ಮೂರು ಎಣಿಸುವುದರೊಳಗೆ ಸದ್ದು ವಾಪಸು ಬರುತ್ತದೆ ಎಂದು ಲೆಕ್ಕವನ್ನೂ ಹಾಕಿದ್ದರು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು, ಗುಟ್ಟಾಗಿ ತಾಳೆ ನೋಡಿದೆ. ಲೆಕ್ಕ ಸರಿಯಾಗಿತ್ತು, ಅದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು.

"ಅಂಗಡಿಯಲ್ಲಿ ಕೊಂಡ್ಬಿಡಿ," ಎಂದೆ.

"ಅಂಗಡಿಯವರು ಎಲ್ಲರ ತೋಳಿಗೂ ಹೊಂದೋ ಹಾಗೆ ಮಾಡಿರ್ತಾರೆ. ಅಂದ್ರೆ ಯಾರ ತೋಳಿಗೂ ಸರಿಯಾಗಿ ಹೊಂದಲ್ಲ. ಇಪ್ಪತ್ತೊಂಬತ್ತು ವರ್ಷ ಅಂಥವನ್ನೇ ನೋಡಿದೀನಿ. ನಂದು ನನ್ನ ಅಳತೆಗೆ ಕಟ್ಟಿಸಿದ್ದಾಗ್ಬೇಕು."

ಕಟ್ಟಿಸುವುದು ಎಂದರೆ ಅಪ್ಪನ ಪ್ರಕಾರ ಮೊದಲು ಅಂದಾಜುಪಟ್ಟಿ. ಮನೆ ಕಟ್ಟಿಸುವವರೂ ಅಷ್ಟು ಅಚ್ಚುಕಟ್ಟಾಗಿ ಬರೆಯಿಸಿರಲಾರರು. ಗುಂಡು ಒಳಕ್ಕೆ ತಳ್ಳುವ ಬೋಲ್ಟ್ ಚೆನ್ನಾಗಿದ್ದು ನಳಿಗೆ ಕೆಟ್ಟಿರುವ ಹಳೆಯ ರೈಫಲು ಒಂದು, ಹರಾಜಿನಲ್ಲಿ, ಎಪ್ಪತ್ತೈದು ರೂಪಾಯಿ. ಇಂಗ್ಲೆಂಡಿನಿಂದ ಹೊಸ ನಳಿಗೆ, ಒಂಬತ್ತು ಪೌಂಡು, ಅಂದರೆ ನೂರ ಇಪ್ಪತ್ತು ರೂಪಾಯಿ, ಹಡಗಿನ ಬಾಡಿಗೆ ಮತ್ತು ಸುಂಕ ಬೇರೆ. ಗುರಿ ನೋಡುವ ದುರ್ಬೀನು ಇನ್ನೂರ ಮೂವತ್ತು. ಬೀಟೆ ಮರದ ಹಿಡಿ, ಕೆತ್ತನೆಯಿಲ್ಲದ್ದು. ಫಿಟ್ಟರನ ಮಜೂರಿ. ಲೈಸೆನ್ಸು. ಗುಂಡಿನ ತೋಟಾ ಇಪ್ಪತ್ತು. ಕೊನೆಯಲ್ಲಿ ‘ಅನಿರೀಕ್ಷಿತ’ ಎಂಬ ಬಾಬ್ತಿಗೆ ಇಪ್ಪತ್ತೈದು ರೂಪಾಯಿ. ಅನಿರೀಕ್ಷಿತವಾದದ್ದು ಇಪ್ಪತ್ತೈದು ರೂಪಾಯಿಯೊಳಗೆ ಮುಗಿಯುತ್ತದೆ ಎಂದು ಅವರು ನಂಬಿದ್ದರು.

ಅಂದಾಜು ತಯಾರಾಯಿತು. ಇನ್ನು ಮಂಜೂರಾತಿ. ಇಲ್ಲಿಯೇ ನಮ್ಮ ಮನೆಯ ಹಣೆಬರಹ ತಿರುಗಿದ್ದು. ಅಪ್ಪ ಬದುಕಿನಲ್ಲಿ ಯಾವುದನ್ನೂ ಮೇಲಧಿಕಾರಿಯ ಮಂಜೂರಾತಿ ಇಲ್ಲದೆ ಮಾಡಿದವರಲ್ಲ. ಈಗ ಮೇಲಧಿಕಾರಿ ಎಂಬುವರೇ ಇಲ್ಲ. ಎರಡು ದಿನ ಯೋಚಿಸಿ ಆ ಹುದ್ದೆಯನ್ನೂ ತಾವೇ ವಹಿಸಿಕೊಂಡರು. ಮಧ್ಯಾಹ್ನ ಊಟವಾದ ಮೇಲೆ ಬರಿದಲೆಯಲ್ಲಿ ಜಗಲಿಯ ಮೇಲೆ ಕೂತು ಅರ್ಜಿದಾರರಾಗಿ ಬರೆಯುತ್ತಿದ್ದರು. ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ, ಜರಿಪೇಟ ಇಟ್ಟುಕೊಂಡು, ಒಳಗಿನ ಮೇಜಿನ ಮುಂದೆ ಕೂತು ಮಂಜೂರು ಮಾಡುವ ಅಧಿಕಾರಿಯಾಗಿ ಅದೇ ಕಾಗದವನ್ನು ಓದುತ್ತಿದ್ದರು. ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬೀಳುತ್ತಿತ್ತು.

‘ಬೀಟೆ ಭಾರದ ಮರ. ತೇಗವನ್ನು ಏಕೆ ಪರಿಗಣಿಸಿಲ್ಲ? ವಿವರಣೆ ಬೇಕು.’

ಮಧ್ಯಾಹ್ನ ಪೇಟ ಗೂಟಕ್ಕೆ ಹೋದ ಮೇಲೆ ಅರ್ಜಿದಾರರು ಇದನ್ನು ಓದಿ ಹುಬ್ಬು ಗಂಟಿಕ್ಕುತ್ತಿದ್ದರು. ‘ತೇಗ ಒದೆತಕ್ಕೆ ಸೀಳುವ ಸಂಭವವಿದೆ. ಭಾರವಿದ್ದರೆ ದೂರದ ಗುರಿಗೆ ಬಂದೂಕು ಅಲುಗುವುದಿಲ್ಲ,’ ಎಂದು ಕಪ್ಪು ಶಾಯಿಯಲ್ಲಿ ಉತ್ತರ. "ಮೇಲಿನವರಿಗೆ ಮರದ ಜ್ಞಾನವೇ ಇಲ್ಲ," ಎಂದು ನನ್ನ ಹತ್ತಿರ ಗೊಣಗುವುದೂ ಇತ್ತು. ಅಮ್ಮ ಒಂದು ದಿನ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು: "ಬೆಳಿಗ್ಗೆ ಒಬ್ರು, ಮಧ್ಯಾಹ್ನ ಒಬ್ರು ಕಣ್ರೀ. ಕಾಫಿ ಮಾತ್ರ ಇಬ್ರಿಗೂ ನಾನೇ ಮಾಡ್ಬೇಕು."

ಹೀಗೆ ಒಂದು ವರ್ಷವಲ್ಲ, ಐದಾರು ವರ್ಷ ಹೋಯಿತು. ಉತ್ಪ್ರೇಕ್ಷೆ ಅನ್ನಬೇಡಿ. ಸೈನ್ಯದ ಅಳತೆಯ ತೋಟಾ ಖಾಸಗಿಯವರಿಗೆ ನಿಷಿದ್ಧ ಎಂದು ಪೇಟದವರು ಹಿಡಿದ ಒಂದೇ ಆಕ್ಷೇಪಣೆಗೆ ಪೂರ್ತಿ ಅಂದಾಜನ್ನು ಹೊಸದಾಗಿ ಬರೆಯಬೇಕಾಯಿತು. ಆಮೇಲೆ ಲೈಸೆನ್ಸಿನ ಅರ್ಜಿಯಲ್ಲಿ ‘ಉದ್ದೇಶ’ ಎಂಬ ಕಲಮು. ಎಲ್ಲರೂ ಬೆಳೆ ರಕ್ಷಣೆ ಎಂದು ಬರೆಯುತ್ತಾರೆ, ನೀವೂ ಬರೆಯಿರಿ ಎಂದೆ. ನಮ್ಮ ಬೆಳೆ ಎಂದರೆ ಹಿತ್ತಲಿನ ಒಂದು ನುಗ್ಗೆ, ಒಂದು ಕರಿಬೇವು, ಅದನ್ನು ರಕ್ಷಿಸಲು ರೈಫಲು ಬೇಕು ಎಂದು ಸುಳ್ಳು ಬರೆಯಲಾರೆ ಎಂದರು. ವಿಚಾರಣೆಗೆ ಪೊಲೀಸ್ ಜಮಾದಾರರು ಮನೆಗೇ ಬಂದರು.

"ಯಾರ್ನ ಹೊಡೀಬೇಕು ಅಂತಿದೀರ ಸ್ವಾಮಿ?"

"ಯಾರನ್ನೂ ಇಲ್ಲ. ಒಂದು ತಟ್ಟೆಯನ್ನ."

ಜಮಾದಾರರು ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. ಕಾಫಿ ಕುಡಿದು ಹೊರಡುವಾಗ ಗೇಟಿನ ಬಳಿ ನನ್ನನ್ನು ಕರೆದು, "ಯಜಮಾನ್ರು ಯಾವಾಗ್ಲೂ ಇಂಗೇನಾ?" ಎಂದು ಪಿಸುಮಾತಿನಲ್ಲಿ ಕೇಳಿದರು. ಆದರೂ ಶಿಫಾರಸು ಮಾಡಿದರು. ತಟ್ಟೆಯನ್ನು ಹೊಡೆಯುವುದು ಯಾವ ಕಾನೂನಿಗೂ ವಿರೋಧವಾಗಿರಲಿಲ್ಲ.

ಲೈಸೆನ್ಸು ಬಂದ ಮೇಲೆ ಹರಾಜಿನ ಬಾಬ್ತು ಮಾತ್ರ ಮಂಜೂರಾಯಿತು. ಸ್ವದೇಶಕ್ಕೆ ಹೊರಟಿದ್ದ ಒಬ್ಬ ಇಂಗ್ಲಿಷ್ ಕಾಫಿ ಪ್ಲಾಂಟರು ಮಾರಿದ ಸಾಮಾನಿನಲ್ಲಿ ಒಂದು ಹಳೆಯ ಬೋಲ್ಟ್ ರೈಫಲು ಸಿಕ್ಕಿತು. ಎಪ್ಪತ್ತೆರಡು ರೂಪಾಯಿ, ಮೂರು ರೂಪಾಯಿ ಉಳಿತಾಯವಾಯಿತೆಂದು ಅಪ್ಪ ಆ ದಿನವೆಲ್ಲ ಹಿಗ್ಗುತ್ತಿದ್ದರು. ನಳಿಗೆ ಒಳಗೆಲ್ಲ ತುಕ್ಕು ಹಿಡಿದು ಹೋಗಿತ್ತು. ಅದನ್ನು ಕೆಸರೆಯ ಫಿಟ್ಟರನ ಬಳಿ ತೋರಿಸಿದೆವು.

ಈ ಫಿಟ್ಟರ್ ರೈತರ ಮನೆಯವನು. ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದು ಬಂದೂಕು ರಿಪೇರಿ ಕಲಿತು, ಹಿಂದಕ್ಕೆ ಬಂದು, ಕೆಸರೆಯಲ್ಲಿ ತಗಡಿನ ಷೆಡ್ಡಿನೊಳಗೆ ಒಂದು ಲೇತು ಇಟ್ಟುಕೊಂಡಿದ್ದ. ಬೋಲ್ಟನ್ನು ಹಿಂದೆ ಮುಂದೆ ಎರಡು ಸಲ ಆಡಿಸಿ ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದ.

"ಬೋಲ್ಟು ಬೆಣ್ಣೆ ಆಗೈತೆ ಸ್ವಾಮಿ. ನಳಿಗೆ ಬಿಸಾಕ್ಬುಡಿ. ಒಸ ನಳಿಗೆ ತಂದ್ಕೊಡಿ, ನಾನು ಕೂರುಸ್ಕೊಡ್ತೀನಿ, ಆರುನೂರಲ್ಲ ಎಂಟುನೂರು ಗಜಕ್ಕೂ ಓಡುತ್ತೆ."

"ಅಂದಾಜಿನಲ್ಲಿ ಆರುನೂರು ಅಂತಿದೆ," ಎಂದರು ಅಪ್ಪ.

ನಳಿಗೆಯ ಬಾಬ್ತು ಮಾತ್ರ ಮೇಜು ದಾಟಲಿಲ್ಲ. ಪೌಂಡಿನ ದರ ಬದಲಾಯಿತು, ತಿದ್ದುಪಡಿ. ಸುಂಕ ಏರಿತು, ತಿದ್ದುಪಡಿ. ಆಣೆ ಹೋಗಿ ನಯಾ ಪೈಸೆ ಬಂತು. ಹಳೆಯ ಅಂದಾಜಿನಲ್ಲಿ ಹನ್ನೊಂದು ಆಣೆ ಮೂರು ಕಾಸು ಎಂದಿದ್ದ ಸ್ಕ್ರೂಗಳಿಗೆ ಹೊಸ ನಾಣ್ಯದಲ್ಲಿ ಎಷ್ಟು ಎಂಬುದನ್ನು ಅರ್ಜಿದಾರರೂ ಅಧಿಕಾರಿಯೂ ಹದಿನೈದು ದಿನ ಚರ್ಚಿಸಿದರು. ಪ್ರತಿ ವರ್ಷ ಆಯುಧಪೂಜೆಯ ದಿನ ಅಪ್ಪ ಕುಡಗೋಲು, ಈಳಿಗೆ, ನನ್ನ ಸೈಕಲ್ಲಿನ ಪಕ್ಕದಲ್ಲಿ ಆ ಫೈಲನ್ನೂ ಇಡುತ್ತಿದ್ದರು. ಅಮ್ಮ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ ಹೂ ಏರಿಸುತ್ತಿದ್ದಳು. ಹೊದಿಕೆಯ ಮೇಲೆ ಆರು ವರ್ಷದ ಆರು ಕುಂಕುಮದ ಬೊಟ್ಟು ಇದ್ದವು. ನಮಸ್ಕಾರ ಮಾಡಿಸಿಕೊಂಡ ಅಂದಾಜುಪಟ್ಟಿ ನಾನು ಇನ್ನೆಲ್ಲೂ ನೋಡಿಲ್ಲ.

ನನಗೆ ಆ ಫೈಲು ಕಂಡರೆ ಆಗುತ್ತಿರಲಿಲ್ಲ. ನಾನು ಆಗ ಮೂವತ್ತು ದಾಟಿದವನು, ಮೂಗಿನ ತುದಿಯಲ್ಲೇ ಕೋಪ. ಜನ ನನ್ನನ್ನು ಬೀದಿಯಲ್ಲಿ ನಿಲ್ಲಿಸಿ "ತಂದೆಯವರ ತೋಪು ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದರು. ಒಂದು ಸಂಜೆ ಹೆಡ್‌ಮಾಸ್ಟರರ ಕೈಲಿ ಇಲ್ಲದ ತಪ್ಪಿಗೆ ಬೈಸಿಕೊಂಡು ಮನೆಗೆ ಬಂದೆ. ನನ್ನ ಮಣೆಯ ಮುಂದೆ, ತಟ್ಟೆ ಇರಬೇಕಾದಲ್ಲಿ, ಫೈಲು ಇತ್ತು. ಮೇಲೊಂದು ಚೀಟಿ: ‘ಅಭಿಪ್ರಾಯಕ್ಕಾಗಿ.’

ನಳಿಗೆ ತರಿಸುವ ಬಗ್ಗೆ ಮನೆಯ ಇತರ ಸದಸ್ಯರ ಅಭಿಪ್ರಾಯ ಪಡೆಯತಕ್ಕದ್ದು ಎಂದು ಪೇಟದವರು ಆದೇಶ ಮಾಡಿದ್ದರು. ಅಂಚಿನಲ್ಲಿ ಅರ್ಜಿದಾರರ ಕೈಬರಹದಲ್ಲಿ ‘ತುರ್ತು. ಲಗತ್ತು ಮೂರನ್ನು ನೋಡಿ’ ಎಂದಿತ್ತು. ನಾನು ಯಾವ ಲಗತ್ತನ್ನೂ ನೋಡಲಿಲ್ಲ. ನಾನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಸರ್ಕಾರಿ ಭಾಷೆಯನ್ನು ಅಣಕಿಸುವುದರಲ್ಲಿ ಗಟ್ಟಿಗ, ಸ್ಟಾಫ್ ರೂಮಿನಲ್ಲಿ ಅದಕ್ಕೆ ಚಪ್ಪಾಳೆ ಗಿಟ್ಟಿಸಿದವನು. ಪೆನ್ನು ತೆಗೆದು ಬರೆದೆ:

‘ಗುರಿಯ ದೂರಕ್ಕಿಂತ ಅರ್ಜಿದಾರರ ವಯಸ್ಸು ಹೆಚ್ಚು ಪರಿಗಣನೆಗೆ ಅರ್ಹವಾಗಿದೆ. ಸದರಿ ವೆಚ್ಚ ತುರ್ತಿನದಾಗಿ ಕಂಡುಬರುವುದಿಲ್ಲ. ಎರಡು ಆರ್ಥಿಕ ಸಾಲುಗಳ ಮಟ್ಟಿಗೆ ಮುಂದೂಡಬಹುದು.’

ಕೆಳಗೆ ದೊಡ್ಡದಾಗಿ ರುಜು. ಬರೆದು ನನಗೇ ನಗು ಬಂತು. ಅಪ್ಪನೂ ನಗುತ್ತಾರೆ, ಇಲ್ಲವೇ ಬೈಯುತ್ತಾರೆ, ಎರಡರಲ್ಲಿ ಒಂದಾದರೆ ಈ ನಾಟಕ ಮುಗಿಯುತ್ತದೆ ಎಂದುಕೊಂಡು ಊಟ ಮಾಡಿ ಮಲಗಿದೆ.

ಮಾರನೆಯ ದಿನ ಹತ್ತು ಗಂಟೆಗೆ ಅಪ್ಪ ಪೇಟ ಇಟ್ಟುಕೊಂಡು ಅದನ್ನು ಓದಿದರು. ನಾನು ಷರ್ಟಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬಹಳ ಹೊತ್ತು ಓದಿದರು, ಕಾಗದವನ್ನು ಮುಖದ ಹತ್ತಿರಕ್ಕೆ ತಂದುಕೊಂಡು ಓದಿದರು. ಆಮೇಲೆ ಕೆಂಪು ಶಾಯಿಯಲ್ಲಿ ‘ಅಭಿಪ್ರಾಯ ಒಪ್ಪಿದೆ. ಎರಡು ಸಾಲು ಮುಂದೂಡಿದೆ,’ ಎಂದು ಬರೆದು, ಟೇಪು ಕಟ್ಟಿ, ಕುರ್ಚಿ ಹತ್ತಿ ಅಟ್ಟಣಿಗೆಯ ಮೇಲೆ ಇಟ್ಟರು. ಆ ಮಧ್ಯಾಹ್ನ ಅರ್ಜಿದಾರರು ಜಗಲಿಗೆ ಬಂದರೇ ಹೊರತು ಏನೂ ಬರೆಯಲಿಲ್ಲವೆಂದು ಅಮ್ಮ ಹೇಳಿದಳು. ನನಗೆ ಹಾಯೆನಿಸಿತು.

ಏಳೆಂಟು ತಿಂಗಳ ಮೇಲೆ ಅಪ್ಪ ಹಗಲು ಹೊತ್ತಿನಲ್ಲೇ ಬಾಗಿಲುವಾಡಕ್ಕೆ ಭುಜ ಹೊಡೆದುಕೊಂಡರು. ಎರಡು ದಿನ ಬಿಟ್ಟು ನೀರಿನ ಚೊಂಬನ್ನು ಎಡವಿದರು. ಎದುರಿಗಿರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದೆ.

"ಹೋಗಾಯ್ತು. ಕಣ್ಣಿನ ನರ ಒಣಗ್ತಾ ಇದೆಯಂತೆ. ಅಂಚಿನಿಂದ ಒಳಕ್ಕೆ ಬರುತ್ತಂತೆ. ಔಷಧಿ ಹಾಕಿದ್ರೆ ನಿಧಾನ ಆಗುತ್ತೆ, ನಿಲ್ಲಲ್ಲ ಅಂದ್ರು."

"ಯಾವಾಗ ಹೋಗಿದ್ರಿ?"

"ಹೋದ ವರ್ಷ."

"ಒಂದು ಮಾತು ಹೇಳಬಾರದಿತ್ತಾ ಅಪ್ಪ!"

"ಹೇಳಿದ್ನಲ್ಲೋ," ಎಂದರು, ನಿಜವಾಗಿಯೂ ಆಶ್ಚರ್ಯಪಟ್ಟು. "ಲಗತ್ತು ಮೂರು."

ನಾನು ಕುರ್ಚಿ ಹತ್ತಿ ಫೈಲು ಇಳಿಸಿದೆ. ಲಗತ್ತು ಒಂದು, ಇಂಗ್ಲೆಂಡಿನ ಬೆಲೆಪಟ್ಟಿ. ಲಗತ್ತು ಎರಡು, ಫಿಟ್ಟರನ ಮಜೂರಿ ಚೀಟಿ. ಲಗತ್ತು ಮೂರು, ಕಣ್ಣಿನ ಡಾಕ್ಟರ ಚೀಟಿ: ಎರಡರಿಂದ ಮೂರು ವರ್ಷ ನೋಟ ಉಳಿಯಬಹುದು. ಅದರ ಹಿಂಬದಿಯಲ್ಲಿ ಅಪ್ಪನ ಅಕ್ಷರ: ‘ಗುರಿಗೆ ಮಧ್ಯಭಾಗದ ನೋಟ ಸಾಕಾಗುತ್ತದೆ. ಆದರೆ ನಳಿಗೆ ಈ ಸಾಲಿನಲ್ಲೇ ಬಂದರೆ ಅನುಕೂಲ.’

ಕಣ್ಣು ಹೋಗುವುದರೊಳಗೆ ಒಂದು ಗುಂಡು. ಅಷ್ಟನ್ನು ಬಾಯಿಬಿಟ್ಟು ಕೇಳಲು ಬಾರದ ಮನುಷ್ಯ ಅದನ್ನು ಲಗತ್ತು ಮಾಡಿ ನನ್ನ ಊಟದ ಮಣೆಯ ಮುಂದೆ ಇಟ್ಟಿದ್ದರು. ನಾನು ಮಕ್ಕಳಿಗೆ ‘ಪ್ರಶ್ನೆ ಪೂರ್ತಿ ಓದಿ ಉತ್ತರ ಬರೆಯಿರಿ’ ಎಂದು ವರ್ಷವಿಡೀ ಕಿರುಚುವವನು. ಅಷ್ಟು ನಾಚಿಕೆ ನನಗೆ ಅದಕ್ಕೆ ಮುಂಚೆಯೂ ಆಗಿಲ್ಲ, ಆಮೇಲೂ ಆಗಿಲ್ಲ.

"ಅಪ್ಪ, ಅದನ್ನ ನಾನು ತಮಾಷೆಗೆ ಬರೆದದ್ದು."

"ಫೈಲಿನಲ್ಲಿ ತಮಾಷೆಗೆ ಜಾಗ ಎಲ್ಲಿರುತ್ತೋ?"

"ಹಾಗಾದ್ರೆ ಈಗಲೇ ರದ್ದು ಮಾಡಿ. ನಾಳೆಯೇ ದುಡ್ಡು ಕಳಿಸೋಣ."

"ಎರಡು ಸಾಲು ಅಂತ ಆದೇಶ ಆಗಿದೆ. ನಾನೇ ಮಾಡಿದ ಆದೇಶಾನ ನಾನೇ ಮುರಿಯೋಕಾಗುತ್ತಾ? ಬೇಕಾದ್ರೆ ಮೇಲ್ಮನವಿ ಹಾಕು."

ಹಾಕಿದೆ. ನಾಲ್ಕು ಪುಟ, ಎಲ್ಲ ಲಗತ್ತುಗಳನ್ನೂ ಎರಡೆರಡು ಸಲ ಓದಿ. ಬೆಳಿಗ್ಗೆ ಹತ್ತು ಗಂಟೆಗೆ ಪೇಟದವರು ಅದನ್ನು ಪರಿಶೀಲಿಸಿ, ‘ಸಕಾರಣವಾಗಿದೆ, ಆದರೆ ಅವಧಿ ಮೀರಿ ಸಲ್ಲಿಸಿದೆ,’ ಎಂದು ಬರೆಯಲು ಕೆಂಪು ಶಾಯಿಗೆ ನಿಬ್ಬು ಅದ್ದಿದರು. ಅಮ್ಮ ಒಳಗಿನಿಂದ ಬಂದಳು. ಕೈಯಲ್ಲಿ ಊದುಗೊಳವೆ ಇತ್ತು.

"ನೋಡಿ, ಆ ಪೇಟಾನ ಒಲೆಗೆ ಹಾಕ್ಬಿಡ್ತೀನಿ. ನನ್ನಾಣೆಗೂ ಹಾಕ್ತೀನಿ."

ಅಪ್ಪ ಸ್ವಲ್ಪ ಹೊತ್ತು ಊದುಗೊಳವೆಯನ್ನು ನೋಡಿದರು. ಮಂಜೂರಾಯಿತು. ‘ವಿಶೇಷ ಸಂದರ್ಭವೆಂದು ಪರಿಗಣಿಸಿ’ ಎಂದು ಬರೆದಿದ್ದರು.

ಆದರೆ ನಮ್ಮ ಮಂಜೂರಾತಿಗೆ ದೇಶ ಕಾಯುತ್ತ ಕೂತಿರಲಿಲ್ಲ. ಆ ಏಳೆಂಟು ತಿಂಗಳಲ್ಲಿ ದೇಶದ ವಿದೇಶಿ ಹಣಕ್ಕೆ ಬರ ಬಂದು, ಹೊರಗಿನಿಂದ ಒಂದು ಗಡಿಯಾರದ ಮುಳ್ಳು ತರಿಸುವುದಕ್ಕೂ ಪರವಾನಗಿ ಬೇಕಾಗಿತ್ತು. ನಳಿಗೆ ಅತ್ಯವಶ್ಯಕ ವಸ್ತು ಎಂದು ತೋರಿಸಬೇಕು. ನುಗ್ಗೆಮರವನ್ನು ಈಗ ಅಪ್ಪನ ಹೆಸರಿನಲ್ಲಿ ನಾನೇ ಬೆಳೆ ಎಂದು ಬರೆದೆ, ಅವರಿಗೆ ಹೇಳಲಿಲ್ಲ. ಬೆಂಗಳೂರಿಗೆ ನಾಲ್ಕು ಸಲ, ಮದರಾಸಿಗೆ ಒಂದು ಸಲ ಹೋಗಿ ಬಂದೆ. ಕಂಡ ಕಂಡ ಕಛೇರಿಯಲ್ಲಿ ಪೇಟವಿಲ್ಲದ ಅಧಿಕಾರಿಗಳು ಅಪ್ಪನ ಆಕ್ಷೇಪಣೆಗಳನ್ನೇ ಎತ್ತಿದರು, ಅಕ್ಷರ ಮಾತ್ರ ಅಷ್ಟು ಚೆನ್ನಾಗಿರಲಿಲ್ಲ. ಮೊದಲೇ ಹಣ ಕಳಿಸಿದ್ದರೆ ಮೂರು ತಿಂಗಳಲ್ಲಿ ಬರುತ್ತಿದ್ದ ನಳಿಗೆ ಹತ್ತೊಂಬತ್ತು ತಿಂಗಳು ತೆಗೆದುಕೊಂಡಿತು.

ಆ ತಿಂಗಳುಗಳಲ್ಲಿ ಅಪ್ಪ ಮಿಕ್ಕ ಕೆಲಸ ಮುಗಿಸಿದರು. ದುರ್ಬೀನು ಕೊಂಡರು. ಬೀಟೆ ಮರದ ಹಿಡಿಗೆ ಕೆತ್ತನೆ ಕೆಲಸದ ಒಬ್ಬ ಮುದುಕರನ್ನು ಗೊತ್ತುಮಾಡಿದರು. ಅವರು ಹಿಡಿಯ ಮೇಲೆ ಬಿಳಿಯ ಮರದಲ್ಲಿ ಆನೆಗಳ ಸಾಲು ಕೂರಿಸಲು ಆಸೆಪಟ್ಟರು. ಅಪ್ಪ ಒಂದು ಆನೆಗೂ ಒಪ್ಪಲಿಲ್ಲ. ಮೊಣಕೈಯಿಂದ ಬೆರಳಿನವರೆಗೆ, ಕುತ್ತಿಗೆಯಿಂದ ಭುಜದವರೆಗೆ, ಕೆನ್ನೆಯ ಎತ್ತರ, ಎಲ್ಲ ಅಪ್ಪನ ಮೈಮೇಲೆ ಮುದುಕರು ದಾರ ಹಿಡಿದು ಅಳೆದರು. ಹಿಡಿ ಸಿದ್ಧವಾಗಿ ಬಂದ ದಿನ ನಾನು ಭುಜಕ್ಕೆ ಕೊಟ್ಟು ನೋಡಿದೆ, ನನಗೆ ಎರಡು ಬೆರಳು ಗಿಡ್ಡವಾಯಿತು. ಅಪ್ಪ ಕೊಟ್ಟುಕೊಂಡರು. ಕೆನ್ನೆ ಹೋಗಿ ಮರದ ಮೇಲೆ ತಾನಾಗಿ ಕೂತಿತು. ಅವರ ಮುಖದಲ್ಲಿ ಅಂಥ ಸಂತೋಷ ನಾನು ನನಗೆ ಕೆಲಸ ಸಿಕ್ಕ ದಿನವೂ ನೋಡಿರಲಿಲ್ಲ.

ಆ ದಿನ ಅವರಿಗೆ ಎದುರು ಮನೆಯ ಬಾಗಿಲು ಕಾಣುತ್ತಿತ್ತು. ಮುಂದಿನ ಯುಗಾದಿಗೆ ಬಾಗಿಲು ಹೋಗಿ ಗೋಡೆಯ ಬಿಳುಪು ಮಾತ್ರ ಉಳಿಯಿತು. ನಳಿಗೆ ಬಂದಾಗ ಅವರು ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಎಣ್ಣೆ ಕಾಗದ ಬಿಚ್ಚಿ, ಬೆರಳಿನಲ್ಲಿ ನಂಬರನ್ನು ಓದಿದರು. ಒಂದು ಅಂಕಿಯೂ ತಪ್ಪಲಿಲ್ಲ.

ಫಿಟ್ಟರ್ ಹನ್ನೆರಡು ದಿನದಲ್ಲಿ ನಳಿಗೆ ಕೂರಿಸಿ, ಎಂಟು ತೋಟಾ ಹಾರಿಸಿ ದುರ್ಬೀನನ್ನು ಗುರಿಗೆ ಹೊಂದಿಸಿದ. ಕೆಸರೆಯಾಚೆ ಬತ್ತಿಹೋದ ಒಂದು ಕೆರೆ. ಅದರ ಏರಿಗೆ ಅಡ್ಡವಾಗಿ ಗಳ ನೆಟ್ಟು, ಎತ್ತಿನಗಾಡಿಯ ಚಕ್ರದಷ್ಟು ಅಗಲದ ಕಬ್ಬಿಣದ ತಟ್ಟೆ ನೇತುಹಾಕಿದ. ಒಂದು ಭಾನುವಾರ ಬೆಳಿಗ್ಗೆ, ಬಿಸಿಲು ಕಾಯುವ ಮುಂಚೆ, ಜಟಕಾದಲ್ಲಿ ಅಪ್ಪನನ್ನು ಕರೆದುಕೊಂಡು ಹೋದೆ. ಅಮ್ಮ ಬುತ್ತಿ ಕಟ್ಟಿದ್ದಳು, ಒಂದು ಗುಂಡಿಗೆ ಮೂರು ಜನಕ್ಕೆ ಮೊಸರನ್ನ. ಅಪ್ಪ ಪೇಟ ಇಟ್ಟುಕೊಂಡೇ ಬಂದಿದ್ದರು. ಕೆರೆಯಂಗಳದಲ್ಲಿ ಚಾಪೆ ಹಾಸಿದ ಮೇಲೆ ಅದನ್ನು ತೆಗೆದು ನನ್ನ ಕೈಗೆ ಕೊಟ್ಟರು.

"ಮಂಜೂರು ಮಾಡಿದವರು ಹೊಡೆಯೋ ಹಾಗಿಲ್ಲ. ಅರ್ಜಿದಾರ ಹೊಡೀಬೇಕು."

ಮಲಗಿ, ಮರಳು ಚೀಲದ ಮೇಲಿದ್ದ ರೈಫಲನ್ನು ಭುಜಕ್ಕೆ ತೆಗೆದುಕೊಂಡರು. ಕೆನ್ನೆ ಮರದ ಮೇಲೆ ಕೂತಿತು. ದುರ್ಬೀನಿನೊಳಗೆ ಬಹಳ ಹೊತ್ತು ನೋಡಿದರು. ನಾನು ಅವರ ಪಾದಗಳನ್ನು ನೋಡುತ್ತ ಕೂತಿದ್ದೆ. ಹಿಮ್ಮಡಿ ಒಡೆದಿತ್ತು, ಒಂದು ಬೆರಳು ಆಗಾಗ ಅಲುಗುತ್ತಿತ್ತು.

"ಏನ್ ಕಾಣ್ತೈತೆ ಸ್ವಾಮಿ?" ಎಂದ ಫಿಟ್ಟರ್.

"ಹಾಲು," ಎಂದರು ಅಪ್ಪ.

ಆಮೇಲೆ ಫಿಟ್ಟರನೇ ಒಂದು ದಾರಿ ಹೇಳಿದ. ತಾನು ಮಲಗಿ ಗುರಿ ಹಿಡಿಯುತ್ತೇನೆ, ಸ್ವಾಮಿಯವರು ಪಕ್ಕದಲ್ಲಿ ಕೂತು ಬಂದೂಕಿನ ಕುದುರೆಯ ಮೇಲೆ ಬೆರಳಿಡಲಿ, ‘ಈಗ’ ಎಂದಾಗ ಒತ್ತಲಿ. "ಗುಂಡು ಒಡ್ದೋರು ನೀವೇ ಆಗ್ತೀರ ಬುಡಿ," ಎಂದ. ಹಾಗಾಗಿ, ಅಪ್ಪನ ತೋಳಿಗೆ ದಾರ ಹಿಡಿದು ಅಳೆದು ಮಾಡಿಸಿದ ಹಿಡಿ ಫಿಟ್ಟರನ ಭುಜಕ್ಕೆ ಹೋಯಿತು. ಅಪ್ಪ ಪಕ್ಕದಲ್ಲಿ ಮಂಡಿಯೂರಿ, ತೋರುಬೆರಳನ್ನು ಮಾತ್ರ ಚಾಚಿದರು.

"ಈಗ."

ಕೆರೆ ಪೂರ್ತಿ ಅದುರಿತು. ಏರಿಯ ಮೇಲಿನ ಕೊಕ್ಕರೆಗಳೆಲ್ಲ ಎದ್ದವು. ಅಪ್ಪ ಗಟ್ಟಿಯಾಗಿ ಎಣಿಸಿದರು. "ಒಂದು. ಎರಡು." ಮೂರು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ದೂರದಿಂದ ಬಂತು, ದೇವಸ್ಥಾನದ ಚಿಕ್ಕ ಗಂಟೆಯನ್ನು ಒಂದೇ ಸಲ ಬಾರಿಸಿದ ಹಾಗೆ.

"ಬಿತ್ತು! ಬಿದ್ಬುಡ್ತು ಸ್ವಾಮಿ!" ಎಂದು ಫಿಟ್ಟರ್ ಚಾಪೆ ಬಿಟ್ಟು ಎದ್ದು ಕುಣಿದ. ಐವತ್ತು ಸಮೀಪಿಸಿದ ಮನುಷ್ಯ, ಕಣ್ಣಲ್ಲಿ ನೀರು ಬೇರೆ. ಅಪ್ಪ ಮಾತ್ರ ಸದ್ದು ಪೂರ್ತಿ ಆರುವವರೆಗೆ ಆ ಕಡೆಗೇ ಮುಖ ಮಾಡಿಕೊಂಡಿದ್ದು, ನಿಧಾನವಾಗಿ ಮಂಡಿಯ ಮಣ್ಣು ಕೊಡವಿದರು.

"ಲೆಕ್ಕ ಸರಿಯಾಗಿತ್ತು," ಎಂದರು. "ಆದ್ರೆ ಹೊಡೆದದ್ದು ಅವನು ಕಣೋ. ನಾನು ರುಜು ಹಾಕಿದೆ, ಅಷ್ಟೆ."

ಮೊಸರನ್ನ ತಿಂದು ಮನೆಗೆ ಬಂದೆವು.

ಮಾರನೆಯ ದಿನ ಹತ್ತು ಗಂಟೆಗೆ ಅಪ್ಪ ಫೈಲು ತರಲು ಹೇಳಿದರು. ಕಾಮಗಾರಿ ಮುಗಿದ ಮೇಲೆ ಮುಕ್ತಾಯದ ಪ್ರಮಾಣಪತ್ರ ಇರಬೇಕು, ಇಲ್ಲದಿದ್ದರೆ ಫೈಲು ಮುಚ್ಚುವ ಹಾಗಿಲ್ಲ. ಅವರು ಹೇಳಿದರು, ನಾನು ಬರೆದೆ. ಅಂದಾಜು ಆರುನೂರ ನಲವತ್ತು, ಆದ ವೆಚ್ಚ ಎಂಟುನೂರ ಹನ್ನೆರಡು. ಗುರಿಯ ದೂರ ಆರುನೂರು ಗಜ. ಅರ್ಜಿದಾರರು ಉಪಯೋಗಿಸಿದ ತೋಟಾ ಒಂದು. ಫಲಿತಾಂಶ, ತಟ್ಟೆಗೆ ತಾಗಿದೆ, ಗುರಿ ಹಿಡಿದವರು ಫಿಟ್ಟರ್. ಅದನ್ನು ಬಿಡಲು ಅಪ್ಪ ಒಪ್ಪಲಿಲ್ಲ.

ಕೊನೆಯ ಕಲಮು: ‘ವಿಳಂಬವಾಗಿದ್ದಲ್ಲಿ ಕಾರಣ.’

ನಾನು ಪೆನ್ನು ಎತ್ತಿ ಕೂತೆ.

"ಬರ್ಕೋ. ಅರ್ಜಿದಾರರ ದೃಷ್ಟಿದೋಷ."

ನಾನು ಬರೆದೆ: ‘ಲಗತ್ತನ್ನು ಓದದೆ ಅಭಿಪ್ರಾಯ ಬರೆದ ಮಗನ ಉಡಾಫೆ.’

ಅಪ್ಪ ತಲೆ ಸ್ವಲ್ಪ ಓರೆ ಮಾಡಿ ಕೂತಿದ್ದರು. ಇಪ್ಪತ್ತೊಂಬತ್ತು ವರ್ಷ ನಿಬ್ಬಿನ ಸದ್ದಿನಲ್ಲೇ ಬದುಕಿದವರು.

"ಎರಡು ಮಾತಿಗೆ ಅಷ್ಟು ಹೊತ್ತು ಬೇಕೇನೋ?"

ನಾನು ಹಸಿ ಶಾಯಿಯ ಮೇಲೆ ಒತ್ತುಕಾಗದ ಒತ್ತಿದೆ.

"ಓದು."

"ಅರ್ಜಿದಾರರ ದೃಷ್ಟಿದೋಷ," ಎಂದೆ.

ಅವರು ಕೈ ಚಾಚಿ ಪೇಟ ಕೇಳಿದರು. ಗೂಟದಿಂದ ತೆಗೆದುಕೊಟ್ಟೆ. ಅದನ್ನು ನೇರವಾಗಿ ಇಟ್ಟುಕೊಂಡು, ನಾನು ಬೆರಳು ಹಿಡಿದು ತೋರಿಸಿದ ಜಾಗದಲ್ಲಿ, ನನ್ನ ವಾಕ್ಯದ ಕೆಳಗೆ, ಅಪ್ಪ ಮೊದಲ ಸಲ ಯಾವ ಆಕ್ಷೇಪಣೆಯನ್ನೂ ಎತ್ತದೆ ರುಜು ಹಾಕಿದರು.